ಬೆಂಗಳೂರಿನ ಹೆಸರು ಹೊತ್ತ ಇಂಗ್ಲಿಷ್ ಪಾಠ, ಬೆಂಗಳೂರಿಗೇ ಗೊತ್ತಿಲ್ಲ

ಎಸ್ಸೆಸ್ಸೆಲ್ಸಿವರೆಗೆ ನಂದು ಕನ್ನಡ ಮೀಡಿಯಂ. ಪಿಯುಸಿಗೆ ಸೈನ್ಸ್ ತಗೊಂಡು ಬೆಂಗಳೂರಿಗೆ ಬಂದ ಮೊದಲ ವಾರ ಫಿಸಿಕ್ಸ್ ಲೆಕ್ಚರರ್ 'ಆಕ್ಸಲರೇಶನ್' ಅಂದರು. ಹೈಸ್ಕೂಲಿನಲ್ಲಿ ಲೆಕ್ಕ ಮಾಡಿ ಮಾಡಿ ಸವೆಸಿದ್ದ ವೇಗೋತ್ಕರ್ಷವೇ ಅದು ಅಂತ ತಿಳಿಯೋಕೆ ನನಗೆ ಮೂರು ದಿನ ಬೇಕಾಯಿತು. ನೋಟ್ಸಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದೆ: ಮೊಮೆಂಟಮ್ ಅಂದ್ರೆ ಸಂವೇಗ, ಫೋಟೋಸಿಂಥೆಸಿಸ್ ಅಂದ್ರೆ ದ್ಯುತಿಸಂಶ್ಲೇಷಣೆ. ಎರಡನೆಯದು ಕನ್ನಡದಲ್ಲೂ ಅಷ್ಟೇನೂ ಸುಲಭ ಇಲ್ಲ ಬಿಡಿ. ವಿಷಯ ಗೊತ್ತಿತ್ತು, ಆದರೆ ಎದ್ದು ನಿಂತು ಡೌಟ್ ಕೇಳೋಕೆ ಒಂದು ವಾಕ್ಯ ಜೋಡಿಸಲು ಬರುತ್ತಿರಲಿಲ್ಲ. ಅಷ್ಟು ವರ್ಷ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕೂತು ಕಲಿತಿದ್ದಾದರೂ ಏನು?

ಈ ಪ್ರಶ್ನೆ ನನ್ನೊಬ್ಬನದಲ್ಲ, ಹೊಸದೂ ಅಲ್ಲ.

1858ರಲ್ಲಿ ಹೈಸ್ಕೂಲಾಗಿ ಶುರುವಾದ ಸೆಂಟ್ರಲ್ ಕಾಲೇಜಿನ ಕಾಲದಲ್ಲಿ ಇಂಗ್ಲಿಷ್ ಅಂದರೆ ಸರ್ಕಾರಿ ನೌಕರಿಯ ದಾರಿ. ಕಲಿಯುತ್ತಿದ್ದವರು ಕೆಲವೇ ಜನ. ಸ್ವಾತಂತ್ರ್ಯ ಬಂದ ಮೇಲೆ ಶಾಲೆಗಳು ಹೆಚ್ಚಿದವು, ಮನೆಯಲ್ಲಿ ಇಂಗ್ಲಿಷಿನ ಗಾಳಿಯೇ ಇಲ್ಲದ ಮಕ್ಕಳು ತರಗತಿ ತುಂಬಿದರು. ಅವರಿಗೆ ಕಲಿಸುವ ಮೇಷ್ಟ್ರುಗಳನ್ನು ತಯಾರು ಮಾಡಬೇಕಲ್ಲ, ಅದಕ್ಕೆ 1963ರಲ್ಲಿ ದಕ್ಷಿಣದ ರಾಜ್ಯಗಳಿಗೆಂದು ಬೆಂಗಳೂರಿನಲ್ಲಿ ಒಂದು ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬಂತು. ಈಗ ಜ್ಞಾನಭಾರತಿ ಕ್ಯಾಂಪಸ್ಸಿನಲ್ಲಿದೆ. ಆಗ ನಡೆಯುತ್ತಿದ್ದದ್ದು ವಾಕ್ಯದ ಅಚ್ಚುಗಳನ್ನು ಒಂದೊಂದಾಗಿ ಕೊಟ್ಟು ಬಾಯಿಪಾಠ ಮಾಡಿಸುವ ಪದ್ಧತಿ. 'ದಿಸ್ ಈಸ್ ಎ ಪೆನ್' ಅಂತ ಮೇಷ್ಟ್ರು ಪೆನ್ ಎತ್ತಿ ಹಿಡಿಯುತ್ತಾರೆ, ಕಣ್ಣೆದುರೇ ಇರುವ ಪೆನ್ನನ್ನು ಪೆನ್ ಅಂತ ಅರವತ್ತು ಮಕ್ಕಳು ಒಟ್ಟಿಗೆ ಕೂಗುತ್ತಾರೆ.

1979ರಲ್ಲಿ ಇದೇ ಸಂಸ್ಥೆಯಲ್ಲಿ ನಡೆದ ಚರ್ಚೆಗಳಿಂದ ಒಂದು ಪ್ರಯೋಗ ಹುಟ್ಟಿತು. ಮುಂದೆ ನಿಂತವರು ಎನ್.ಎಸ್. ಪ್ರಭು, ಆಗ ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದರು. ಅವರು ಹೇಳಿದ್ದು ಇಷ್ಟೇ: ಮಗುವಿನ ಗಮನ ವ್ಯಾಕರಣದ ಮೇಲಲ್ಲ, ಅರ್ಥದ ಮೇಲಿದ್ದಾಗ ಭಾಷೆ ಚೆನ್ನಾಗಿ ಹತ್ತುತ್ತದೆ. ಹಾಗಾಗಿ ಪಾಠದಲ್ಲಿ ವ್ಯಾಕರಣ ಬೇಡ, ತಲೆ ಓಡಿಸುವ ಕೆಲಸ ಇರಲಿ. ಬೋರ್ಡಿನ ಮೇಲೆ ರೈಲಿನ ವೇಳಾಪಟ್ಟಿ ಬರೆದು, ಯಾವ ರೈಲು ಹಿಡಿದರೆ ಹೊತ್ತಿಗೆ ಸರಿಯಾಗಿ ತಲುಪಬಹುದು ಅಂತ ಮೇಷ್ಟ್ರು ಇಡೀ ಕ್ಲಾಸಿನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ ಬಿಡಿಸುತ್ತಾರೆ, ಆಮೇಲೆ ಅಂಥದ್ದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸಬೇಕು. ಉತ್ತರ ಸರಿಯಿದ್ದರೆ ಸಾಕು, ವಾಕ್ಯ ಸೊಟ್ಟಗಿದ್ದರೂ ಪರವಾಗಿಲ್ಲ. ಮೇಷ್ಟ್ರು ಅದನ್ನೇ ನೆಟ್ಟಗೆ ಮಾಡಿ ಮಾತಿನ ಭರದಲ್ಲಿ ವಾಪಸ್ ಹೇಳಿ ಮುಂದೆ ಹೋಗುತ್ತಾರೆ. ನಡುವೆ ಮನೆಮಾತು ಬಾಯಿಗೆ ಬಂದರೆ ದಂಡ ಇಲ್ಲ. ಗಮ್ಮತ್ತಿನ ಸಂಗತಿ ಅಂದರೆ ಗುಂಪು ಚಟುವಟಿಕೆಯನ್ನು ಪ್ರಭು ಅಷ್ಟಾಗಿ ಒಪ್ಪುತ್ತಿರಲಿಲ್ಲ. ಮಕ್ಕಳು ಒಬ್ಬರ ತಪ್ಪನ್ನು ಇನ್ನೊಬ್ಬರು ಕಲಿತು ಗಟ್ಟಿ ಮಾಡಿಕೊಳ್ಳುತ್ತಾರೆ ಅನ್ನೋದು ಅವರ ವಾದ.

1984ರವರೆಗೆ ಬೆಂಗಳೂರು, ಮದ್ರಾಸು ಮುಂತಾದ ಕಡೆಯ ಮಾಮೂಲಿ ಶಾಲೆಗಳಲ್ಲಿ ಇದು ನಡೆಯಿತು. ಹೊರಗಿನಿಂದ ಬಂದು ಪರೀಕ್ಷಿಸಿದವರು 1985ರಲ್ಲಿ ವರದಿ ಬರೆದರು. ಹಳೇ ಪದ್ಧತಿಯ ಮಕ್ಕಳು ವಾಕ್ಯರಚನೆಯ ಪರೀಕ್ಷೆಯಲ್ಲಿ ಮುಂದೆ, ಪ್ರಯೋಗದ ಮಕ್ಕಳು ಕೆಲಸ ಬಿಡಿಸುವ ಪರೀಕ್ಷೆಯಲ್ಲಿ ಮುಂದೆ, ಎರಡೂ ಕಡೆಗೆ ವಾಲದ ಪರೀಕ್ಷೆಗಳಲ್ಲಿ ಒಟ್ಟಾರೆ ಪ್ರಯೋಗದವರದೇ ಮೇಲುಗೈ. ಹೋಲಿಕೆ ಅಷ್ಟು ಬಿಗಿಯಾಗಿರಲಿಲ್ಲ ಅನ್ನುವ ತಕರಾರೂ ಇದೆ, ಅದು ನ್ಯಾಯವೇ. ಆದರೂ ಇಂಗ್ಲಿಷ್ ಕಲಿಸುವವರ ಲೋಕದಲ್ಲಿ 'ಬೆಂಗಳೂರು ಪ್ರಾಜೆಕ್ಟ್' ಅಂದರೆ ಇವತ್ತಿಗೂ ಗೊತ್ತು. ನಮ್ಮೂರಲ್ಲಿ ಹತ್ತು ಜನರನ್ನು ಕೇಳಿ, ಮೆಟ್ರೋದ ಯಾವುದೋ ಲೈನ್ ಇರಬೇಕು ಅಂತಾರೆ.

ಯಾಕೆ ಹೀಗಾಯಿತು? ನನಗನ್ನಿಸೋದು, ಅದೇ ಹೊತ್ತಿಗೆ ಬೀದಿಯಲ್ಲಿ ಬೇರೆಯೇ ಪ್ರಶ್ನೆ ಎದ್ದಿತ್ತು. 1981ರಲ್ಲಿ, ಶಾಲೆಯಲ್ಲಿ ಕನ್ನಡವೇ ಮೊದಲ ಭಾಷೆ ಆಗಬೇಕು ಅಂದ ಗೋಕಾಕ್ ವರದಿ, 1982ರಲ್ಲಿ ರಾಜ್‌ಕುಮಾರ್ ಇಳಿದ ಮೇಲೆ ಕಂಡ ಜನಸಾಗರ. ವರದಿ ಕೊಟ್ಟ ವಿ.ಕೃ. ಗೋಕಾಕರು ಸ್ವತಃ ಇಂಗ್ಲಿಷ್ ಪ್ರೊಫೆಸರ್, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಆ ಹೋರಾಟ ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿಂದ ಇಲ್ಲಿವರೆಗೆ ನಾವು ಜಗಳ ಆಡಿದ್ದೆಲ್ಲ ಯಾವ ಭಾಷೆ, ಯಾವ ಕ್ಲಾಸಿನಿಂದ ಅನ್ನೋದರ ಮೇಲೇ. ನಾಲ್ಕನೇ ಕ್ಲಾಸಿನವರೆಗೆ ಮಾತೃಭಾಷೆ ಇಲ್ಲವೇ ಕನ್ನಡದಲ್ಲೇ ಕಲಿಸಬೇಕು ಅಂದ 1994ರ ಭಾಷಾ ನೀತಿ, 2014ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪದೇ ಇದ್ದದ್ದು, ನಡುವೆ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ವಿಷಯ, 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮೀಡಿಯಂ. ಕಲಿಸೋದು ಹೇಗೆ ಅನ್ನೋದು ಮಾತ್ರ ಯಾರಿಗೂ ಸುದ್ದಿಯಾಗಲಿಲ್ಲ.

ಇನ್ನೊಂದು ವಿಷಯ. ಕನ್ನಡದೊಳಗೆ ಇಂಗ್ಲಿಷ್ ಬೆರೆಯುವ ಬಗೆಯ ಮೇಲೆ ಭಾಷಾವಿಜ್ಞಾನಿ ಎಸ್.ಎನ್. ಶ್ರೀಧರ್ 1978ರಲ್ಲೇ ಬರೆದಿದ್ದರು. ಆ ಬೆರಕೆ ಮನಸ್ಸಿಗೆ ಬಂದ ಹಾಗೆ ಆಗುವುದಿಲ್ಲ, ಅದಕ್ಕೂ ನಿಯಮ ಇದೆ. ಬಿಎಂಟಿಸಿ ಬಸ್ಸಲ್ಲಿ ನಿಂತು ಕೇಳಿ: 'ಸ್ಟಾಪಿಗೆ ಬಂದಾಗ ಕಾಲ್ ಮಾಡು, ಅಡ್ಜಸ್ಟ್ ಮಾಡ್ಕೊಳ್ಳೋಣ.' ಪದ ಇಂಗ್ಲಿಷಿನದು, ಬಾಲ ಕನ್ನಡದ್ದು. ಹಾಸ್ಟೆಲಿನಲ್ಲಿ 'ನಂಗೆ ಇಂಗ್ಲಿಷ್ ಬರಲ್ಲ' ಅಂತ ಮುದುಡಿ ಕೂರುವ ಹುಡುಗರ ಬಾಯಲ್ಲಿ ಹೀಗೆ ನೂರಾರು ಇಂಗ್ಲಿಷ್ ಪದ ಓಡಾಡುತ್ತಿರುತ್ತವೆ. ಅವರಿಗೆ ಅಡ್ಡ ಬರೋದು ವಾಕ್ಯದ ಕಟ್ಟು, ಯಾಕಂದ್ರೆ ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ಇದನ್ನು ನಾನು ಪಿಯುಸಿಯಲ್ಲಿದ್ದಾಗ ಯಾರಾದರೂ ಹೇಳಿದ್ದಿದ್ದರೆ ಒಂದು ವರ್ಷದ ಕೀಳರಿಮೆ ತಪ್ಪುತ್ತಿತ್ತು.

ಮೊನ್ನೆ ಪಕ್ಕದ ಮನೆಯ ಹುಡುಗಿ, ಆರನೇ ಕ್ಲಾಸು, ಗೈಡ್ ನೋಡಿಕೊಂಡು ಇಂಗ್ಲಿಷ್ ಉತ್ತರಗಳನ್ನು ಕಾಪಿ ಮಾಡುತ್ತಾ ಕೂತಿದ್ದಳು. ಸುಮ್ನೆ ನೋಡೋಣ ಅಂತ ಹಾಳೆಯ ಮೇಲೆ ಮೆಜೆಸ್ಟಿಕ್‌ಗೆ ಹೋಗುವ ಎರಡು ಬಸ್ಸಿನ ಟೈಮ್ ಬರೆದು, ಒಂಬತ್ತಕ್ಕೆ ಅಲ್ಲಿರಬೇಕಾದರೆ ಯಾವುದು ಹತ್ತಬೇಕು ಅಂತ ಇಂಗ್ಲಿಷಿನಲ್ಲಿ ಕೇಳಿದೆ. ಬೆರಳಲ್ಲಿ ಲೆಕ್ಕ ಹಾಕಿ ಅಂದಳು, 'ಸೆಕೆಂಡ್ ಬಸ್ ಲೇಟ್ ಅಂಕಲ್. ಫಸ್ಟ್ ಬಸ್ ಗೋ.'

'ಯೆಸ್, ಟೇಕ್ ದ ಫಸ್ಟ್ ಬಸ್' ಅಂದೆ.

'ಟೇಕ್ ದ ಫಸ್ಟ್ ಬಸ್,' ಅಂದಳು. 'ಆದ್ರೆ ಅಂಕಲ್, ಅದ್ರಲ್ಲಿ ಸೀಟ್ ಸಿಗಲ್ಲ.'