ಮಂಗಳದಲ್ಲಿ ಎಷ್ಟು ಎತ್ತರ ಜಿಗಿಯಬಹುದು?

ಪಿಯುಸಿ ಮಕ್ಕಳಿಗೆ ಗುರುತ್ವದ ಪಾಠ ಮಾಡುವಾಗ ನಾನು ತಪ್ಪದೆ ಒಂದು ಹಳೇ ಸಾಹಸಕಥೆ ಹೇಳುತ್ತೇನೆ. ಎಡ್ಗರ್ ರೈಸ್ ಬರೋಸ್ ಬರೆದ, 1912ರಲ್ಲಿ ‘ಆಲ್-ಸ್ಟೋರಿ’ ಎಂಬ ಅಮೆರಿಕದ ಪತ್ರಿಕೆಯಲ್ಲಿ ಬಂದ ಧಾರಾವಾಹಿ ಅದು. 1917ರಲ್ಲಿ ‘ಎ ಪ್ರಿನ್ಸೆಸ್ ಆಫ್ ಮಾರ್ಸ್’ ಅಂತ ಪುಸ್ತಕವಾಯಿತು. ನಾಯಕ ಜಾನ್ ಕಾರ್ಟರ್ ಅರಿಜೋನಾದ ಒಂದು ಗುಹೆಯಿಂದ ಹೇಗೋ ಮಂಗಳ ಗ್ರಹಕ್ಕೆ ಹೋಗಿಬಿಡುತ್ತಾನೆ. ಹೇಗೆ ಹೋದ ಅನ್ನೋದಕ್ಕೆ ಭೌತಶಾಸ್ತ್ರದಲ್ಲಿ ಉತ್ತರ ಇಲ್ಲ, ಬಿಡಿ. ಹೋದ ಮೇಲೆ ಅವನ ಕಾಲಿಗೆ ಏನಾಯ್ತು ಅನ್ನೋದು ನನ್ನ ಪಾಠ.

ಎದ್ದು ನಡೆಯಲು ಹೋದರೆ ಕಾರ್ಟರ್ ಮೇಲಕ್ಕೆ ಹಾರಿ ಬೀಳುತ್ತಾನೆ. ಇದು ಸರಿಯಾದ ವಿಜ್ಞಾನ. ಮಂಗಳದ ಗುರುತ್ವ ಭೂಮಿಯದರ 38% ಮಾತ್ರ. ಆದರೆ ಅವನ ಸ್ನಾಯುಗಳಿಗೆ ಭೂಮಿಯ ಲೆಕ್ಕವೇ ರೂಢಿ. ಸ್ವಲ್ಪ ಹೊತ್ತಿಗೇ, ಹಸಿರು ಮೈಯ ಮಂಗಳವಾಸಿಗಳಿಂದ ತಪ್ಪಿಸಿಕೊಳ್ಳಲು ಮೂವತ್ತು ಅಡಿ ಎತ್ತರ ಜಿಗಿದು ನೂರು ಅಡಿ ಆಚೆ ಇಳಿಯುತ್ತಾನೆ. ಇಲ್ಲಿ ಮಕ್ಕಳ ಕೈಗೆ ಚಾಕ್‌ಪೀಸ್ ಕೊಡುತ್ತೇನೆ.

ಮೂವತ್ತು ಅಡಿ ಅಂದರೆ ಸುಮಾರು 9 ಮೀಟರ್. ಮಂಗಳದಲ್ಲಿ ಅಷ್ಟು ಎತ್ತರ ಏರಬೇಕಾದರೆ ನೆಲ ಬಿಡುವಾಗ ಮೇಲ್ಮುಖ ವೇಗ ಸೆಕೆಂಡಿಗೆ 8 ಮೀಟರ್ ಇರಬೇಕು. ಭೂಮಿಯಲ್ಲಿ ಚೆನ್ನಾಗಿ ಜಿಗಿಯುವವರು ಅರ್ಧ ಮೀಟರ್ ಏರುತ್ತಾರೆ ಅಂತಿಟ್ಟುಕೊಳ್ಳಿ. ಅವರ ವೇಗ ಬರೀ 3 ಮೀಟರ್. 8 ಮೀಟರ್ ವೇಗ ಇದ್ದರೆ ಇಲ್ಲೇ ಮೂರು ಮೀಟರ್‌ಗೂ ಜಾಸ್ತಿ ಹಾರಬಹುದಿತ್ತು!

ಹಾಗಾದರೆ ನಿಜವಾಗಿ ಎಷ್ಟು? ಮಕ್ಕಳು 0.5 ಅನ್ನು 0.38ರಿಂದ ಭಾಗಿಸಿ 1.3 ಮೀಟರ್ ಅಂತಾರೆ. ಅದು ಕಡಿಮೆಯಾಯಿತು. ಜಿಗಿಯುವ ಮೊದಲು ನಾವು ಮಂಡಿ ಮಡಚಿ ಮೈ ತಗ್ಗಿಸುತ್ತೇವೆ ಅಲ್ವಾ? ಆ ತಗ್ಗಿದ ಮೈಯನ್ನು ಎತ್ತೋಕೂ ಶಕ್ತಿ ಖರ್ಚಾಗುತ್ತದೆ. ತಗ್ಗು ಸುಮಾರು 40 ಸೆಂಟಿಮೀಟರ್ ಅಂತ ಹಿಡಿದರೆ ಕಾಲು ಮಾಡುವ ಒಟ್ಟು ಕೆಲಸ 0.9 ಮೀಟರ್ ಎತ್ತುವಷ್ಟು. ಅದನ್ನು 0.38ರಿಂದ ಭಾಗಿಸಿ, 40 ಸೆಂಟಿಮೀಟರ್ ಕಳೆದರೆ ಹತ್ತಿರಹತ್ತಿರ 2 ಮೀಟರ್. ಅಂದರೆ ಒಬ್ಬ ಆಳನ್ನು ದಾಟುವಷ್ಟು. ನನ್ನ ಮಟ್ಟಿಗೆ ಇದೇ ಸಾಕಷ್ಟು ದೊಡ್ಡ ಅದ್ಭುತ.

ಬರೋಸ್ ಸುಮ್ನೆ ಗೀಚಿದವನಲ್ಲ. ಮಂಗಳದ ಎರಡು ಚಂದ್ರರನ್ನು ಆಸಫ್ ಹಾಲ್ 1877ರಲ್ಲಿ ಕಂಡುಹಿಡಿದಿದ್ದ. ಹತ್ತಿರದ ಚಂದ್ರ ಏಳೂವರೆ ಗಂಟೆಗೆ ಸ್ವಲ್ಪ ಮೇಲೆ ಒಂದು ಸುತ್ತು ಹಾಕುತ್ತದೆ ಅಂತ ಕಥೆ ಹೇಳುತ್ತದೆ. ಆ ಚಂದ್ರನ, ಅಂದರೆ ಫೋಬೋಸ್‌ನ ನಿಜವಾದ ಲೆಕ್ಕ 7 ಗಂಟೆ 39 ನಿಮಿಷ. ಆದರೆ ಕಥೆಯಲ್ಲಿ ಇರುಳೆಲ್ಲ ಬೆಳದಿಂಗಳು. ಫೋಬೋಸ್ ಸುಮಾರು 22 ಕಿಲೋಮೀಟರ್ ಅಗಲದ, ಇದ್ದಿಲಿನಷ್ಟು ಕಪ್ಪಾದ ಬಂಡೆ. ನಮ್ಮ ಮಂಗಳಯಾನದ ಕ್ಯಾಮೆರಾ 2020ರ ಜುಲೈನಲ್ಲಿ ಅದರ ಫೋಟೊ ತೆಗೆಯಿತು. ಅದರಲ್ಲಿ ದೊಡ್ಡ ಸ್ಟಿಕ್ನಿ ಕುಳಿ ಕೂಡ ಕಾಣುತ್ತದೆ.

ಗಾಳಿಯ ವಿಷಯ ಬೇರೆ. ಮಂಗಳ ಒಣಗುತ್ತಿರುವ ಲೋಕ, ಅಲ್ಲಿನವರು ನೀರಿಗಾಗಿ ಕಾಲುವೆ ತೋಡಿದ್ದಾರೆ ಅಂತ ಅಮೆರಿಕದ ಖಗೋಳವಿಜ್ಞಾನಿ ಪರ್ಸಿವಲ್ ಲೋವೆಲ್ ಆಗ ಬಲವಾಗಿ ವಾದಿಸುತ್ತಿದ್ದ. ಬರೋಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಡೀ ಗ್ರಹಕ್ಕೆ ಉಸಿರಾಡುವ ಗಾಳಿ ತಯಾರಿಸುವ ಕಾರ್ಖಾನೆ ಕಟ್ಟಿಸಿದ. ನನಗೆ ತುಂಬ ಇಷ್ಟವಾದ ಕಲ್ಪನೆ ಅದು. 1965ರ ಜುಲೈನಲ್ಲಿ ಮ್ಯಾರಿನರ್-4 ನೌಕೆ ಮಂಗಳದ ಪಕ್ಕ ಹಾದುಹೋದಾಗ ಸಿಕ್ಕಿದ್ದು ಕುಳಿಗಳು, ಮತ್ತು ಭೂಮಿಯ ನೂರನೇ ಒಂದು ಪಾಲಿಗಿಂತ ಕಡಿಮೆ ಒತ್ತಡದ ಗಾಳಿ.

ಆದ್ದರಿಂದ ಕಾರ್ಟರ್‌ನ ಹಾಗೆ ಬರಿಮೈಯಲ್ಲಿ ಜಿಗಿಯುವಂತಿಲ್ಲ, ಗಗನಯಾತ್ರಿಯ ಉಡುಪು ಬೇಕೇ ಬೇಕು. ಅದರಿಂದ ಎಷ್ಟು ತೊಡಕು ಅಂತ ತೋರಿಸೋಕೆ ಅಪೊಲೊ-16ರ ವಿಡಿಯೊ ಹಾಕುತ್ತೇನೆ. 1972ರಲ್ಲಿ ಚಂದ್ರನ ಮೇಲೆ ಜಾನ್ ಯಂಗ್ ಧ್ವಜಕ್ಕೆ ಸೆಲ್ಯೂಟ್ ಹೊಡೆಯುತ್ತಾ ಎರಡು ಸಲ ಜಿಗಿದರು. ಏರಿದ್ದು ಅರ್ಧ ಮೀಟರ್‌ಗೂ ಕಡಿಮೆ. ಮಂಗಳದ ಗುರುತ್ವ ಚಂದ್ರನದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಅದೇ ಉಡುಪು, ಅದೇ ಜಿಗಿತ ಅಲ್ಲಾಗಿದ್ದರೆ ಅಷ್ಟೂ ಏಳುತ್ತಿರಲಿಲ್ಲ.