ಕೋಟಿ ಅಂದರೆ ಮೂರು ಚೀಲ ಜೋಳ

ಎರಡನೇ ಇಯತ್ತೆ ಮಗುವಿಗೆ ಲಕ್ಷ, ಕೋಟಿ ಯಾಕೆ, ಮೊದಲು ಮಗ್ಗಿ ಬಾಯಿಪಾಠ ಆಗಲಿ ಎನ್ನುವವರು ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಜಾಸ್ತಿ. ಮಕ್ಕಳಿಗೆ ದೊಡ್ಡ ಸಂಖ್ಯೆ ಎಂದರೆ ಎಷ್ಟು ಖುಷಿ ಎಂಬುದನ್ನು ಇವರು ನೋಡಿಯೇ ಇಲ್ಲ.

ಮೂರ್ನಾಲ್ಕು ಕಾಳಿದ್ದರೆ ಎಣಿಸದೆಯೂ ಗೊತ್ತಾಗುತ್ತದೆ. ಅದರಾಚೆ ಕಣ್ಣು ಬರೀ ಅಂದಾಜು ಕಟ್ಟುತ್ತದೆ. ಹತ್ತು ಕಾಳಿನ ಗುಂಪು, ಇಪ್ಪತ್ತರ ಗುಂಪು ಬೇರೆ ಎಂದು ತಟ್ಟನೆ ತಿಳಿಯುತ್ತದೆ. ನೂರು, ನೂರಾಹತ್ತು ಮಾತ್ರ ಒಂದೇ ಥರ ಕಾಣುತ್ತವೆ. ಹೀಗಾಗಿ ಲಕ್ಷವೂ ಕೋಟಿಯೂ ಮಗುವಿಗೆ ಸುಮ್ನೆ ‘ಭಾಳ’. ಬಜೆಟ್ ಸುದ್ದಿ ಕೇಳುವ ದೊಡ್ಡವರಿಗೂ ಅಷ್ಟೇ ಅಲ್ವಾ?

ಮನೆಯಲ್ಲಿ ಜೋಳ ಇದ್ದೇ ಇರುತ್ತದೆ. ಹತ್ತು ಕಾಳಿನ ಒಂದು ಗುಂಪು, ಅಂಥ ಹತ್ತು ಸೇರಿ ನೂರು, ಹತ್ತು ನೂರು ಸೇರಿ ಸಾವಿರ. ಮಕ್ಕಳು ನಾಲ್ಕು ಜನ ಇದ್ದರೆ ಬೇಗ ಮುಗಿಯುತ್ತದೆ. ಇಲ್ಲಿಗೆ ಎಣಿಕೆ ಸಾಕು, ಮುಂದೆ ತೂಕ. ಸಾವಿರ ಕಾಳು ಹೆಚ್ಚುಕಡಿಮೆ 30 ಗ್ರಾಂ ಬರುತ್ತದೆ. ಹಾಗಾದರೆ ಲಕ್ಷ ಕಾಳು ಮೂರು ಕಿಲೋ. ಕೋಟಿ ಕಾಳು ಮೂರು ಕ್ವಿಂಟಲ್, ಅಂದರೆ ಮೂರು ಚೀಲ! 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನ 9.43 ಲಕ್ಷ. ತಲೆಗೊಂದು ಕಾಳಿನಂತೆ ಇಡೀ ಅವಳಿ ನಗರ 28 ಕಿಲೋ. ಕರ್ನಾಟಕ 6.1 ಕೋಟಿ, ಹದಿನೆಂಟು ಚೀಲ. ಅಮರಗೋಳದ ಎಪಿಎಂಸಿಯಲ್ಲಿ ಚೀಲಗಳ ಸಾಲು ತೋರಿಸಿ, ಇದರಲ್ಲಿ ಎಷ್ಟು ಕರ್ನಾಟಕ ಇವೆ ಎಂದು ಕೇಳಿ ನೋಡಿ.

ಗುಣಾಕಾರಕ್ಕೆ ಹುಣಸೆ ಬೀಜ ವಾಸಿ. ನೆಲದ ಮೇಲೆ ಐದೈದು ಬೀಜದ ಮೂರು ಸಾಲು ಹಚ್ಚಿ. ಒಬ್ಬರನ್ನು ಎದುರಿಗೆ, ಇನ್ನೊಬ್ಬರನ್ನು ಮಗ್ಗುಲಿಗೆ ಕೂಡಿಸಿ. ಎಷ್ಟು ಸಾಲು? ಒಬ್ಬರು ಮೂರು ಎನ್ನುತ್ತಾರೆ, ಇನ್ನೊಬ್ಬರು ಐದು. ಜಗಳ ಶುರು. ಜಾಗ ಬದಲಿಸಿದರೆ ಜಗಳ ತಿರುವುಮುರುವಾಗುತ್ತದೆ. ಬೀಜ ಮಾತ್ರ ಹದಿನೈದೇ. ಮೂರೈದ್ಲೆಯೂ ಐದ್ಮೂರ್ಲೆಯೂ ಒಂದೇ ಎಂದು ಯಾರೂ ಹೇಳಿಕೊಡಬೇಕಿಲ್ಲ. ಇಷ್ಟು ಹೊಳೆದರೆ ಹತ್ತರವರೆಗಿನ ಮಗ್ಗಿಯ ನೂರು ಲೆಕ್ಕ 55ಕ್ಕೆ ಇಳಿಯುತ್ತದೆ. ಒಂದರ ಮಗ್ಗಿ, ಹತ್ತರ ಮಗ್ಗಿ ಬಿಟ್ಟರೆ ಬರೀ 36.

ಇನ್ನೊಂದು ಆಟ ನನಗೆ ಇದಕ್ಕಿಂತ ಇಷ್ಟ. ಎಂಟೆಂಟು ಬೀಜದ ಏಳು ಸಾಲು ಹಚ್ಚಿ, ಐದನೇ ಸಾಲಿನ ಕೆಳಗೆ ಒಂದು ಕಸಬರಿಗೆ ಕಡ್ಡಿ ಇಡಿ. ಮೇಲೆ ಐದೆಂಟ್ಲೆ ನಲವತ್ತು, ಕೆಳಗೆ ಎರಡೆಂಟ್ಲೆ ಹದಿನಾರು. ಒಟ್ಟು ಐವತ್ತಾರು. ಕಡ್ಡಿ ಸರಿಸಿ. ನಾಲ್ಕು ಸಾಲು, ಮೂರು ಸಾಲು ಆಯಿತು: 32ಕ್ಕೆ 24, ಮತ್ತೆ ಐವತ್ತಾರು. ಕಡ್ಡಿಯನ್ನು ಅಡ್ಡ ಬಿಟ್ಟು ಉದ್ದಕ್ಕೆ ಇಟ್ಟರೂ ಅಷ್ಟೇ. ಏಳೆಂಟ್ಲೆ ಮರೆತ ಮಗು ಗಾಬರಿಯಾಗುವುದಿಲ್ಲ, ಗೊತ್ತಿರುವ ತುಂಡುಗಳಿಂದ ಅದನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ಮುಂದೆ ಪಟ್ಟಿಯಲ್ಲಿ ಬರೆದು ಮಾಡುವ ದೊಡ್ಡ ಗುಣಾಕಾರದ ಒಳಗೆ ನಡೆಯುವುದೂ ಇದೇ ಕಡ್ಡಿಯ ಕೆಲಸ.

ದೊಡ್ಡ ಸಂಖ್ಯೆಯ ಹುಚ್ಚು ನಮ್ಮ ನೆಲದಲ್ಲಿ ಹಳೆಯದು. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, ಗಣಿತಜ್ಞ ಮಹಾವೀರಾಚಾರ್ಯ ಬಿಡಿ, ಹತ್ತು, ನೂರು ಎಂದು ಸಾಗುವ 24 ಸ್ಥಾನಗಳಿಗೆ ಹೆಸರು ಕೊಟ್ಟ. ಕೊನೆಯದು ಮಹಾಕ್ಷೋಭ. ಕೊರಳ ಹಾರದ ಹಾಗೆ ಎರಡೂ ಕಡೆಯಿಂದ ಒಂದೇ ಥರ ಓದಿಸಿಕೊಳ್ಳುವ ಉತ್ತರಗಳೆಂದರೆ ಅವನಿಗೆ ಪ್ರೀತಿ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು ಬರುತ್ತದೆ. 142857143ನ್ನು ಏಳರಿಂದ ಗುಣಿಸಿದರೆ ಏನು ಬರುತ್ತದೆ ಎಂದು ನಾನು ಹೇಳುವುದಿಲ್ಲ, ಮಕ್ಕಳೇ ಮಾಡಲಿ.

ಮೂಗಿಗೆ ಕಾಳು ತುರುಕಿಕೊಳ್ಳುವ ವಯಸ್ಸಿನವರನ್ನು ಮಾತ್ರ ಈ ಆಟದಿಂದ ದೂರ ಇಡಿ. ಉಳಿದ ಜೋಳ ಗಿರಣಿಗೆ.