ಪದ ಪರಿಚಯ: ಸ್ಪೋರ್ಟಿಂಗ್ ಡೈರೆಕ್ಟರ್ ಮತ್ತು ಅವರ ‘ಟ್ರಾನ್ಸ್‌ಫರ್ ದಾಖಲೆ’

ನಿರ್ದೇಶಕ ಅಂದ ತಕ್ಷಣ ನಮಗೆ ಕ್ಯಾಮೆರಾ ಹಿಂದೆ ನಿಂತು ‘ಆಕ್ಷನ್’ ಅನ್ನುವವರು ನೆನಪಾಗುತ್ತಾರೆ. ವರ್ಗಾವಣೆ ಅಂದರೆ ಮೇಷ್ಟ್ರಿಗೋ ತಹಶೀಲ್ದಾರರಿಗೋ ಬೇರೆ ಊರಿಗೆ ಆರ್ಡರ್ ಬಂದಿದ್ದು. ಹಾಗಾಗಿ ‘ಫುಟ್‌ಬಾಲ್ ನಿರ್ದೇಶಕರ ವರ್ಗಾವಣೆ ದಾಖಲೆ’ ಅಂತ ಎಲ್ಲಾದರೂ ಓದಿ ತಲೆ ಕೆರೆದುಕೊಂಡಿದ್ದರೆ ತಪ್ಪು ನಿಮ್ಮದಲ್ಲ. ನಾನಿಲ್ಲಿ ಸ್ಪೋರ್ಟಿಂಗ್ ಡೈರೆಕ್ಟರ್, ಟ್ರಾನ್ಸ್‌ಫರ್ ಅಂತಲೇ ಬರೆಯುತ್ತೇನೆ.

ಕೋಚ್‌ಗೆ ಮುಂದಿನ ಭಾನುವಾರದ ಮ್ಯಾಚಿನ ಚಿಂತೆ. ಸ್ಪೋರ್ಟಿಂಗ್ ಡೈರೆಕ್ಟರ್‌ಗೆ ಮೂರು ವರ್ಷದ ನಂತರ ತಂಡ ಹೇಗಿರಬೇಕು ಅನ್ನುವ ಚಿಂತೆ. ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು, ಯಾರ ಒಪ್ಪಂದ ಮುಂದುವರಿಸಬೇಕು, ಯಾರಿಗೆ ಎಷ್ಟು ಸಂಬಳ, ಇವೆಲ್ಲ ಅವರ ಮೇಜಿನ ಮೇಲೆ. ಸ್ಪೇನ್, ಇಟಲಿಗಳಲ್ಲಿ ಇದು ಹಳೆಯ ಹುದ್ದೆ. ಇಟಲಿಯ ಫುಟ್‌ಬಾಲ್ ಸಂಸ್ಥೆ ಫ್ಲಾರೆನ್ಸ್ ನಗರದ ಕೊವೆರ್ಚಾನೊದಲ್ಲಿ ಇದಕ್ಕೆಂದೇ ಕೋರ್ಸ್ ನಡೆಸುತ್ತದೆ. ಇಂಗ್ಲೆಂಡಿನಲ್ಲಿ ಬಹಳ ಕಾಲ ಮ್ಯಾನೇಜರೇ (ಕೋಚ್‌ಗೆ ಅಲ್ಲಿನ ಹೆಸರು) ಸರ್ವಾಧಿಕಾರಿ. ಮ್ಯಾಂಚೆಸ್ಟರ್ ಯುನೈಟೆಡ್‌ನ ಫರ್ಗ್ಯುಸನ್, ಆರ್ಸೆನಲ್‌ನ ವೆಂಗರ್ ಕಾಲದಲ್ಲಿ ಇನ್ನೊಬ್ಬರು ಆಟಗಾರರನ್ನು ಆರಿಸುವುದನ್ನು ಊಹಿಸುವುದೂ ಕಷ್ಟವಿತ್ತು.

ಇನ್ನು ಟ್ರಾನ್ಸ್‌ಫರ್, ಅಂದರೆ ಆಟಗಾರ ಒಂದು ಕ್ಲಬ್‌ನಿಂದ ಇನ್ನೊಂದಕ್ಕೆ ಹೋಗುವುದು. ಕ್ಲಬ್ ಮಾರುವುದು ಮನುಷ್ಯನನ್ನಲ್ಲ. ಒಪ್ಪಂದ ಮುಗಿಯುವ ಮೊದಲೇ ಆಟಗಾರನನ್ನು ಬಿಟ್ಟುಕೊಡುವುದಕ್ಕೆ ಹಳೆಯ ಕ್ಲಬ್ ತೆಗೆದುಕೊಳ್ಳುವ ಹಣವೇ ಅದರ ಬೆಲೆ. ಬೋಸ್ಮನ್ ಎಂಬ ಆಟಗಾರನ ಕೇಸಿನಲ್ಲಿ 1995ರಲ್ಲಿ ಯುರೋಪಿನ ನ್ಯಾಯಾಲಯದ ತೀರ್ಪು ಬಂದಮೇಲೆ, ಒಪ್ಪಂದ ಮುಗಿದ ಆಟಗಾರ ಹಳೆಯ ಕ್ಲಬ್‌ಗೆ ಬಿಡಿಗಾಸೂ ಕೊಡಿಸದೆ ಹೊರಟುಹೋಗಬಹುದು. 2014ರಲ್ಲಿ ಲೆವಾಂಡೋವ್ಸ್ಕಿ ಜರ್ಮನಿಯ ಡಾರ್ಟ್‌ಮುಂಡ್‌ನಿಂದ ಬೇಯರ್ನ್‌ಗೆ ಹೋಗಿದ್ದು ಹೀಗೇ. ಯುರೋಪಿನ ಅತ್ಯುತ್ತಮ ಸ್ಟ್ರೈಕರ್‌ಗಳಲ್ಲಿ ಒಬ್ಬ, ಅದೂ ನೇರ ಎದುರಾಳಿಗೆ, ಪುಕ್ಕಟೆ! ಹಾಗಾಗಿ ಒಪ್ಪಂದದಲ್ಲಿ ಎಷ್ಟು ವರ್ಷ ಉಳಿದಿದೆ ಅನ್ನುವುದು ಡೈರೆಕ್ಟರ್ ತಲೆಯಲ್ಲಿ ಸದಾ ಓಡುತ್ತಿರುವ ಲೆಕ್ಕ.

ಈಗ ‘ದಾಖಲೆ’ಗೆ ಬರೋಣ. ಅಭಿಮಾನಿಗಳ ಜಗಳದಲ್ಲಿ ಇದನ್ನು ಅಳೆಯುವ ಕೋಲು ಒಂದೇ: ನೆಟ್ ಸ್ಪೆಂಡ್. ಕೊಂಡಿದ್ದಕ್ಕೆ ಕೊಟ್ಟಿದ್ದರಲ್ಲಿ ಮಾರಿ ಬಂದಿದ್ದನ್ನು ಕಳೆಯಿರಿ. ಉಳಿದಿದ್ದು ಕಡಿಮೆ ಇದ್ದಷ್ಟೂ ಡೈರೆಕ್ಟರ್ ಜಾಣ. ನಾನೂ ಒಂದು ಕಾಲದಲ್ಲಿ ನೋಟ್‌ಬುಕ್‌ನಲ್ಲಿ ಎರಡು ಕಾಲಂ ಎಳೆದು ಹೀಗೆ ಕಳೆಯುತ್ತಾ ಕೂರುತ್ತಿದ್ದೆ. ಲೆಕ್ಕ ಸರಿಯಾಗಿಯೇ ಬರುತ್ತಿತ್ತು. ಆದರೆ ಮೊಂಚಿ ಎಂಬ ಒಬ್ಬ ಮನುಷ್ಯನ ಕತೆ ಓದುತ್ತಾ ಹೋದಂತೆ ಆ ಕಾಲಂಗಳ ಮೇಲಿನ ನಂಬಿಕೆ ಹೋಯಿತು.

ಮೊಂಚಿ, ಅಂದರೆ ರಾಮೋನ್ ರೊದ್ರಿಗೆಸ್ ವೆರ್ದೆಹೊ. ಸ್ಪೇನಿನ ಸೆವಿಲ್ಲಾ ಕ್ಲಬ್‌ನಲ್ಲಿ ಗೋಲ್‌ಕೀಪರ್. ಅದೂ ಹೆಚ್ಚು ಸಲ ಬೆಂಚಿನ ಮೇಲೆ ಕೂತವರು. 2000ದಲ್ಲಿ ಕ್ಲಬ್ ಎರಡನೇ ದರ್ಜೆಗೆ ಬಿದ್ದಾಗ, ಕೈಯಲ್ಲಿ ಕಾಸಿಲ್ಲದಾಗ, ಅವರು ಸ್ಪೋರ್ಟಿಂಗ್ ಡೈರೆಕ್ಟರ್ ಆದರು. ಬ್ರೆಜಿಲ್‌ನ ಬಹಿಯಾ ಕ್ಲಬ್‌ನಿಂದ ದಾನಿ ಆಲ್ವೆಸ್ ಎಂಬ ಹುಡುಗನನ್ನು ಕರೆತಂದರು. ಕೊಟ್ಟಿದ್ದು ಹತ್ತು ಲಕ್ಷ ಯೂರೋಗಿಂತ ಕಡಿಮೆ. 2008ರಲ್ಲಿ ಬಾರ್ಸಿಲೋನಾಗೆ ಮಾರಿದ್ದು 3 ಕೋಟಿ ಯೂರೋಗಿಂತ ಜಾಸ್ತಿಗೆ. ಜರ್ಮನಿಯ ಶಾಲ್ಕೆಯಿಂದ 2011ರಲ್ಲಿ ರಾಕಿಟಿಚ್ ಬಂದಿದ್ದು ಸುಮಾರು 25 ಲಕ್ಷಕ್ಕೆ. ಮೂರು ವರ್ಷದ ಮೇಲೆ ಆತನೂ ಬಾರ್ಸಿಲೋನಾಗೆ, ಸುಮಾರು 1.8 ಕೋಟಿಗೆ. ಕೊಲಂಬಿಯಾದ ಬಾಕಾ 70 ಲಕ್ಷಕ್ಕೆ ಬಂದು, ಎರಡೇ ವರ್ಷದಲ್ಲಿ 3 ಕೋಟಿಗೆ ಮಿಲಾನ್ ಸೇರಿದ.

ಈ ಲಾಭದ ಪಟ್ಟಿಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಕೊಂಡ ದಿನಕ್ಕೂ ಮಾರಿದ ದಿನಕ್ಕೂ ನಡುವೆ ಏನಾಯಿತು ಅನ್ನುವುದು. ಆಲ್ವೆಸ್ ಇದ್ದಾಗ ಸೆವಿಲ್ಲಾ 2006, 2007ರಲ್ಲಿ ಯುಇಎಫ್‌ಎ ಕಪ್ (ಈಗ ಯುರೋಪಾ ಲೀಗ್ ಎನ್ನುವ ಕ್ಲಬ್ ಟೂರ್ನಿ) ಗೆದ್ದಿತು. 2014ರಲ್ಲಿ ಯುರೋಪಾ ಲೀಗ್ ಗೆದ್ದಾಗ ನಾಯಕ ರಾಕಿಟಿಚ್. 2015ರ ಫೈನಲ್‌ನಲ್ಲಿ ಉಕ್ರೇನಿನ ನಿಪ್ರೊ ವಿರುದ್ಧ 3-2ರಿಂದ ಗೆದ್ದಾಗ ಎರಡು ಗೋಲು ಬಾಕಾನದ್ದು. ಹಸುವನ್ನು ಕೊಂಡ ರೇಟು, ಮಾರಿದ ರೇಟು ಮಾತ್ರ ಬರೆದಿಟ್ಟು ಅದು ಕೊಟ್ಟ ಹಾಲನ್ನು ಬಿಟ್ಟುಬಿಟ್ಟರೆ ಅದೆಂಥ ಲೆಕ್ಕ, ಅಲ್ವಾ? ನೆಟ್ ಸ್ಪೆಂಡ್‌ನಲ್ಲಿ ಹಾಲಿಗೆ ಕಾಲಂ ಇಲ್ಲ.

2017ರಲ್ಲಿ ಇದೇ ಮೊಂಚಿ ಇಟಲಿಯ ರೋಮಾ ಕ್ಲಬ್‌ಗೆ ಹೋದರು. ಅದೇ ಕಣ್ಣು, ಅದೇ ಅನುಭವ. ಆದರೆ ಎರಡು ವರ್ಷ ತುಂಬುವ ಮೊದಲೇ ಹೊರಬಿದ್ದರು. 2019ರ ಮಾರ್ಚ್‌ನಲ್ಲಿ ಕೋಚ್ ದಿ ಫ್ರಾಂಚೆಸ್ಕೊ ಅವರನ್ನು ಕ್ಲಬ್ ತೆಗೆದ ಮರುದಿನವೇ ಮೊಂಚಿ ಕೂಡ ಹೊರಟರು. ಏನಾಯಿತು?

ಮೊದಲನೆಯದು ಈಜಿಪ್ಟಿನ ಫಾರ್ವರ್ಡ್ ಸಲಾಹ್. ರೋಮಾ ಆಗ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಹಾಕಿದ್ದ, ಖರ್ಚಿಗೆ ಮಿತಿ ಹೇರುವ ಹಣಕಾಸು ನಿಯಮಗಳಿಗೆ ಒಪ್ಪಿ ಸಹಿ ಹಾಕಿದ್ದ ಕ್ಲಬ್. ಲೆಕ್ಕದ ವರ್ಷ ಮುಗಿಯುವುದು ಜೂನ್ 30ಕ್ಕೆ. ಅದರೊಳಗೆ ಯಾರನ್ನಾದರೂ ಮಾರಲೇಬೇಕು. 2017ರ ಜೂನ್ 22ಕ್ಕೆ ಸಲಾಹ್ ಲಿವರ್‌ಪೂಲ್ ಆಟಗಾರನಾದ. ಮೂಲ ಬೆಲೆ ಸುಮಾರು 4.2 ಕೋಟಿ ಯೂರೋ. ಪುಸ್ತಕದಲ್ಲಿ ಭರ್ಜರಿ ಲಾಭ. ಆತ ಹೋದ ಮೊದಲ ಸೀಸನ್‌ನಲ್ಲೇ ಪ್ರೀಮಿಯರ್ ಲೀಗ್‌ನಲ್ಲಿ 32 ಗೋಲು ಹೊಡೆದ. ಅದೇ ವರ್ಷ ರೋಮಾ ಬಾರ್ಸಿಲೋನಾವನ್ನು ಹೊರಹಾಕಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ತಲುಪಿತು. ಎದುರಿಗೆ ಲಿವರ್‌ಪೂಲ್. ಮೊದಲ ಪಂದ್ಯ 5-2. ಸಲಾಹ್‌ನದ್ದೇ ಎರಡು ಗೋಲು, ಇನ್ನೆರಡಕ್ಕೆ ಪಾಸು. ಎರಡೂ ಪಂದ್ಯ ಸೇರಿ ರೋಮಾ ಸೋತಿದ್ದು 7-6ರಿಂದ.

ಇದು ಮೊಂಚಿಯ ತಪ್ಪೇ? ಮಾರಿದ್ದು ಅವರು. ಆದರೆ ಮಾರಲೇಬೇಕಾದ ಪರಿಸ್ಥಿತಿ ಅವರು ಬರುವ ಮೊದಲೇ ಬಂದು ಕೂತಿತ್ತು. ಇನ್ನೂ ಒಂದು ಮಾತಿದೆ. ಸಲಾಹ್‌ನನ್ನು ರೋಮಾಗೆ ತಂದಿದ್ದು ಹಿಂದಿನ ಡೈರೆಕ್ಟರ್ ವಾಲ್ಟರ್ ಸಬಾತಿನಿ. 2018ರಲ್ಲಿ ಲಿವರ್‌ಪೂಲ್‌ಗೆ 6 ಕೋಟಿ ಯೂರೋಗಿಂತ ಜಾಸ್ತಿಗೆ ಹೋದ ಗೋಲ್‌ಕೀಪರ್ ಅಲಿಸನ್ ಕೂಡ ಸಬಾತಿನಿ ಕಾಲದವನೇ. ಹಾಗಾದರೆ ಆ ಲಾಭ ಯಾರ ಹೆಸರಿಗೆ? ಗಿಡ ನೆಟ್ಟವರಿಗೋ, ಹಣ್ಣು ಮಾರಿದವರಿಗೋ? ಮಾರಾಟದ ಪೂರ್ತಿ ಮೊತ್ತವನ್ನು ಆ ದಿನ ಕುರ್ಚಿಯಲ್ಲಿ ಕೂತವರ ಹೆಸರಿಗೆ ಬರೆಯುವುದು ನಮ್ಮ ಚರ್ಚೆಗಳಲ್ಲಿ ತೀರಾ ಮಾಮೂಲಿ. ನನಗದು ಸರಿ ಕಾಣುವುದಿಲ್ಲ.

ಆದರೆ ಬಂದ ದುಡ್ಡಿನಲ್ಲಿ ಏನು ಕೊಂಡರು ಅನ್ನುವುದಕ್ಕೆ ಮೊಂಚಿಯೇ ಉತ್ತರ ಹೇಳಬೇಕು. 2018ರಲ್ಲಿ 29 ವರ್ಷದ ಮಿಡ್‌ಫೀಲ್ಡರ್ ಪಸ್ಟೋರೆಗೆ ಸುಮಾರು 2.5 ಕೋಟಿ ಯೂರೋ ಕೊಟ್ಟರು. ಗಾಯ ಬಿಡಲಿಲ್ಲ. 2021ರಲ್ಲಿ ಕ್ಲಬ್ ಒಪ್ಪಂದ ರದ್ದು ಮಾಡಿ ಸುಮ್ನೆ ಕಳಿಸಿಕೊಟ್ಟಿತು. ಆಗಷ್ಟೇ ಫ್ರಾನ್ಸ್ ಜೊತೆ ವಿಶ್ವಕಪ್ ಗೆದ್ದು ಬಂದಿದ್ದ ಎನ್‌ಜೊಂಜಿಗೂ ಅಷ್ಟೇ ದೊಡ್ಡ ಮೊತ್ತ. ಅದೂ ಫಲ ಕೊಡಲಿಲ್ಲ. ಸೆವಿಲ್ಲಾದಲ್ಲಿ ಹೆಸರಿಲ್ಲದವರನ್ನು ಹುಡುಕಿ ತರುತ್ತಿದ್ದ ಮನುಷ್ಯ, ರೋಮಾದಲ್ಲಿ ಹೆಸರು ಆದವರಿಗೆ ಹೆಸರಿನ ಬೆಲೆ ಕೊಟ್ಟರು. ಅವರ ಮೇಲೆ ನನಗಿರುವ ಗಟ್ಟಿಯಾದ ದೂರು ಇದೊಂದೇ. ಹಾಗಂತ ಅದೇ ಬೇಸಿಗೆಯಲ್ಲಿ ಮಿಡ್‌ಫೀಲ್ಡರ್ ನೈಂಗೊಲಾನ್‌ನನ್ನು ಇಂಟರ್ ಮಿಲಾನ್‌ಗೆ ಕೊಟ್ಟ ವ್ಯವಹಾರದಲ್ಲಿ ಝನಿಯೊಲೊ ಎಂಬ ಹದಿಹರೆಯದ ಹುಡುಗನನ್ನು ಸೇರಿಸಿಕೊಂಡಿದ್ದೂ ಅವರೇ.

ಇಲ್ಲಿ ಕ್ಲಬ್‌ಗಳ ಲೆಕ್ಕದ ಪುಸ್ತಕದ ಬಗ್ಗೆ ಎರಡು ಮಾತು ಹೇಳಲೇಬೇಕು. ಐದು ವರ್ಷದ ಒಪ್ಪಂದಕ್ಕೆ 5 ಕೋಟಿ ಕೊಟ್ಟರೆ, ಖರ್ಚನ್ನು ವರ್ಷಕ್ಕೆ 1 ಕೋಟಿಯಂತೆ ಹಂಚಿ ಬರೆಯುತ್ತಾರೆ. ಕಾರಿನ ಡಿಪ್ರಿಸಿಯೇಷನ್ ಇದ್ದ ಹಾಗೆ. ಮೂರು ವರ್ಷಕ್ಕೆ ಪುಸ್ತಕದಲ್ಲಿ ಉಳಿದ ಬೆಲೆ 2 ಕೋಟಿ. ಆಗ 3 ಕೋಟಿಗೆ ಮಾರಿದರೆ ಅಭಿಮಾನಿ ‘2 ಕೋಟಿ ಮುಳುಗಿತು’ ಅನ್ನುತ್ತಾನೆ, ಅಕೌಂಟೆಂಟ್ ‘1 ಕೋಟಿ ಲಾಭ’ ಅನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. 2023ರಲ್ಲಿ ಇಂಗ್ಲೆಂಡಿನ ಚೆಲ್ಸೀ ಕ್ಲಬ್ ಮುದ್ರಿಕ್ ಎಂಬ ಆಟಗಾರನಿಗೆ ಎಂಟೂವರೆ ವರ್ಷದ ಒಪ್ಪಂದ ಕೊಟ್ಟಿದ್ದಕ್ಕೂ ಈ ಹಂಚಿಕೆಗೂ ಸಂಬಂಧ ಇದೆ. ವರ್ಷ ಜಾಸ್ತಿ ಆದಷ್ಟೂ ವರ್ಷದ ಖರ್ಚು ಕಡಿಮೆ ಕಾಣುತ್ತದೆ. ಆಮೇಲೆ ಯುಇಎಫ್‌ಎ ಈ ಹಂಚಿಕೆಗೆ ಐದು ವರ್ಷದ ಮಿತಿ ಹಾಕಿತು.

ಮಾರುವುದು ಯಾವಾಗಲೂ ಬಡತನದ ಲಕ್ಷಣವೂ ಅಲ್ಲ. ಲಿವರ್‌ಪೂಲ್‌ನಲ್ಲಿ ಮೈಕಲ್ ಎಡ್ವರ್ಡ್ಸ್ ಸ್ಪೋರ್ಟಿಂಗ್ ಡೈರೆಕ್ಟರ್ ಆಗಿದ್ದಾಗ, 2018ರ ಜನವರಿಯಲ್ಲಿ ಬ್ರೆಜಿಲ್‌ನ ಮಿಡ್‌ಫೀಲ್ಡರ್ ಕುಟಿನ್ಹೊ ಬಾರ್ಸಿಲೋನಾಗೆ ಹೋದ. ಎಲ್ಲ ಷರತ್ತು ಸೇರಿ 14.2 ಕೋಟಿ ಪೌಂಡ್‌ವರೆಗೆ ಹೋಗಬಹುದಾದ ವ್ಯವಹಾರ. ಅದೇ ತಿಂಗಳು 7.5 ಕೋಟಿ ಪೌಂಡಿಗೆ ಡಿಫೆಂಡರ್ ವಾನ್ ಡೈಕ್ ಬಂದ. ಬೇಸಿಗೆಯಲ್ಲಿ ಅಲಿಸನ್. 2019ರ ಮೇ ತಿಂಗಳಲ್ಲಿ ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್‌ನಲ್ಲಿ ಬಾರ್ಸಿಲೋನಾ 4-0ಗೆ ಸೋತಾಗ, ವಾನ್ ಡೈಕ್ ಮತ್ತು ಅಲಿಸನ್ ಒಂದು ಕಡೆ, ಕುಟಿನ್ಹೊ ಇನ್ನೊಂದು ಕಡೆ ಇದ್ದರು. ಆದರೆ ಇದೇ ಎಡ್ವರ್ಡ್ಸ್ ಕಾಲದಲ್ಲಿ 5 ಕೋಟಿ ಪೌಂಡಿಗೂ ಜಾಸ್ತಿ ಕೊಟ್ಟು ತಂದ ನಬಿ ಕೀಟಾ, ಒಪ್ಪಂದ ಮುಗಿಸಿ ಪುಕ್ಕಟೆ ಹೊರಟುಹೋದ. ನೂರಕ್ಕೆ ನೂರು ಸರಿ ಬರುವ ಡೈರೆಕ್ಟರ್ ಇನ್ನೂ ಹುಟ್ಟಿಲ್ಲ.

ಕ್ರಿಕೆಟ್ ನೋಡುವ ನಮಗೆ ಬಿಟ್ಟುಕೊಡುವ ನೋವು ಗೊತ್ತಿಲ್ಲದ್ದೇನಲ್ಲ. 2022ರ ಹರಾಜಿಗೆ ಆರ್‌ಸಿಬಿ ಚಾಹಲ್‌ನನ್ನು ಉಳಿಸಿಕೊಳ್ಳಲಿಲ್ಲ. ರಾಜಸ್ಥಾನ 6.5 ಕೋಟಿಗೆ ಕೊಂಡಿತು, ಆ ವರ್ಷವೇ 27 ವಿಕೆಟ್ ಮತ್ತು ಪರ್ಪಲ್ ಕ್ಯಾಪ್. ವ್ಯತ್ಯಾಸ ಏನೆಂದರೆ ಐಪಿಎಲ್‌ನಲ್ಲಿ ಎಲ್ಲರ ಪರ್ಸೂ ಒಂದೇ ಗಾತ್ರ. ಯುರೋಪಿನ ಫುಟ್‌ಬಾಲ್‌ನಲ್ಲಿ ಹಾಗಿಲ್ಲ. ಸೆವಿಲ್ಲಾದ ಜೇಬು ಬೇರೆ, ಬಾರ್ಸಿಲೋನಾದ ಜೇಬು ಬೇರೆ. ಇಬ್ಬರ ಡೈರೆಕ್ಟರ್‌ಗಳನ್ನು ಒಂದೇ ಕೋಲಿನಲ್ಲಿ ಅಳೆಯಲು ಹೊರಟರೆ ಅಲ್ಲೇ ತಪ್ಪುತ್ತದೆ.

ರೋಮಾ ಬಿಟ್ಟ ಮೊಂಚಿ ಸೆವಿಲ್ಲಾಗೇ ವಾಪಸ್ ಬಂದರು. 2019ರಲ್ಲಿ ಡಿಫೆಂಡರ್‌ಗಳಾದ ಕುಂಡೆ, ದಿಯೆಗೊ ಕಾರ್ಲೋಸ್ ಇಬ್ಬರನ್ನೂ ಫ್ರಾನ್ಸಿನಿಂದ ತಂದರು. 2020ರಲ್ಲಿ ಮತ್ತೊಂದು ಯುರೋಪಾ ಲೀಗ್. 2022ರ ಒಂದೇ ಬೇಸಿಗೆಯಲ್ಲಿ ಇಬ್ಬರನ್ನೂ ಮಾರಿದರು. ಕುಂಡೆಯೊಬ್ಬನಿಂದಲೇ ಸುಮಾರು 5 ಕೋಟಿ ಯೂರೋ, ಕೊಂಡ ಬೆಲೆಯ ಎರಡರಷ್ಟು. ನನ್ನ ಹಳೆಯ ನೋಟ್‌ಬುಕ್ಕಿನ ಪ್ರಕಾರ ಅಮೋಘ ಬೇಸಿಗೆ. ಮೈದಾನದಲ್ಲಿ ಮಾತ್ರ ಹಿಂಬದಿಯ ಗೋಡೆಯೇ ಬಿದ್ದಿತ್ತು. ಅವರ ಜಾಗಕ್ಕೆ ಬಂದ ಮಾರ್ಕಾವೊ, ನಿಯಾಂಜು ಗಾಯದಿಂದ ನರಳಿದರು. ಸೀಸನ್‌ನಲ್ಲಿ ಇಬ್ಬರು ಕೋಚ್‌ಗಳನ್ನು ತೆಗೆದಿದ್ದಾಯಿತು. ಲೀಗ್‌ನಲ್ಲಿ 12ನೇ ಸ್ಥಾನ.

ಆದರೂ ಮೂರನೇ ಕೋಚ್ ಮೆಂಡಿಲಿಬಾರ್ ಅದೇ ತಂಡವನ್ನು 2023ರ ಯುರೋಪಾ ಲೀಗ್ ಫೈನಲ್‌ಗೆ ಕರೆದೊಯ್ದರು. ಬುಡಾಪೆಸ್ಟ್‌ನಲ್ಲಿ ಎದುರಾಳಿ ಯಾರು ಗೊತ್ತಾ? ರೋಮಾ. 1-1, ಆಮೇಲೆ ಪೆನಾಲ್ಟಿ ಶೂಟೌಟ್. ಸೆವಿಲ್ಲಾ ಗೆದ್ದಿತು, ಕಪ್ಪಿನ ಜೊತೆ ಚಾಂಪಿಯನ್ಸ್ ಲೀಗ್ ಟಿಕೆಟ್ಟೂ ಸಿಕ್ಕಿತು. ಮರು ತಿಂಗಳೇ ಮೊಂಚಿ ಇಂಗ್ಲೆಂಡಿನ ಆಸ್ಟನ್ ವಿಲ್ಲಾಗೆ ಹೊರಟರು.

ಆ ರಾತ್ರಿ ಗುರಿ ತಪ್ಪದೆ ಪೆನಾಲ್ಟಿ ಹೊಡೆದವರಲ್ಲಿ ಒಬ್ಬ, 35 ವರ್ಷದ ರಾಕಿಟಿಚ್. 2014ರಲ್ಲಿ ಬಾರ್ಸಿಲೋನಾಗೆ ಮಾರಿ, 2020ರಲ್ಲಿ ಅಲ್ಲಿಂದಲೇ ಅಗ್ಗಕ್ಕೆ ವಾಪಸ್ ಕರೆತಂದಿದ್ದ ಅದೇ ರಾಕಿಟಿಚ್. ಆ ಒಂದು ಒದೆತವನ್ನು ಯಾವ ಕಾಲಂನಲ್ಲಿ ಬರೆಯಬೇಕೋ ನನಗೆ ಇವತ್ತಿಗೂ ಹೊಳೆದಿಲ್ಲ.